ಖಾಲಿ ಟ್ರೇಲರ್ ಕುಣಿಯುತ್ತಿದೆಯಾ? ಗಾಳಿಯಿಂದ ಶುರು ಮಾಡಿ, ಪಾಟಾಕ್ಕೆ ಕೊನೆಗೆ ಕೈ ಹಾಕಿ

ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯವರಲ್ಲಿ ಹಲವರ ಹತ್ತಿರ ಸಣ್ಣ ಟ್ರೇಲರ್ ಇದೆ. ಬೊಲೆರೊ ಅಥವಾ ಪಿಕಪ್ ಹಿಂದೆ ಕಟ್ಟಿ ಸೆಂಟ್ರಿಂಗ್ ಪ್ಲೇಟು, ಜನರೇಟರ್, ಮಂಟಪದ ಸಾಮಾನು, ಅಡುಗೆ ಪಾತ್ರೆ ಸಾಗಿಸುತ್ತಾರೆ. ವಾಘೋಲಿಯ ಸೈಟಿನಲ್ಲಿ ಪ್ಲೇಟು ಇಳಿಸುವವರೆಗೆ ಎಲ್ಲ ಚೆನ್ನಾಗಿರುತ್ತದೆ. ವಾಪಸ್ ಬರುವಾಗ ತಾಪತ್ರಯ ಶುರು. ಪ್ರತಿ ಸ್ಪೀಡ್ ಬ್ರೇಕರ್‌ಗೂ ಹಿಂದೆ ಧಡ್ ಧಡ್. ಕನ್ನಡಿಯಲ್ಲಿ ನೋಡಿದರೆ ಚಕ್ರ ನೆಲದ ಮೇಲೆ ಇದೆಯೋ ಇಲ್ಲವೋ ಅನ್ನಿಸುತ್ತದೆ.

ಆಮೇಲೆ ಭೋಸರಿಗೆ ಬಂದು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಒಂದು ಪಾಟಾ ತೆಗೆಸಿಬಿಡ್ಲೇನು?"

ಬೇಡ. ಕನಿಷ್ಠ ಇವತ್ತು ಬೇಡ. ಪಾಟಾ ಅಂದರೆ ಒಂದರ ಮೇಲೊಂದು ಕಟ್ಟಿ ಟ್ರೇಲರ್ ಭಾರ ಹೊರಿಸುವ ಸ್ಪ್ರಿಂಗ್ ಪಟ್ಟಿ. ಅದನ್ನು ಮುಟ್ಟುವ ಮೊದಲು ನೋಡಬೇಕಾದ ಹಲವು ವಿಷಯಗಳಿವೆ. ಬಹುತೇಕ ಎಲ್ಲವನ್ನೂ ನೀವೇ ನೋಡಬಹುದು. ಖರ್ಚು ಸೊನ್ನೆ, ಇಲ್ಲವೇ ತೀರಾ ಕಡಿಮೆ.

ಖಾಲಿ ಇದ್ದಾಗ ಮಾತ್ರ ಯಾಕೆ?

ಒಂದು ಲೆಕ್ಕ ನೋಡೋಣ. ಟ್ರೇಲರ್‌ನ ಖಾಲಿ ತೂಕ 400 ಕಿಲೋ, ಲೋಡ್ ಸೇರಿದರೆ 1500 ಕಿಲೋ ಅಂದುಕೊಳ್ಳಿ. ಪಾಟಾ ಕಟ್ಟಿರುವುದು 1500 ಕಿಲೋಗೆ. ಪೂರ್ತಿ ಲೋಡಿಗೆ ಅದು 6 ಸೆಂಟಿಮೀಟರ್ ಕುಗ್ಗಿದರೆ, ಖಾಲಿ ಇದ್ದಾಗ ಒಂದೂವರೆ ಸೆಂಟಿಮೀಟರ್ ಕುಗ್ಗಿದರೆ ಹೆಚ್ಚು. ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲ ಅಷ್ಟರಲ್ಲೇ ಮುಗಿಯುತ್ತದೆ. ಅದಕ್ಕಿಂತ ಆಳದ ಗುಂಡಿ ಬಂದರೆ ಚಕ್ರವನ್ನು ಒಳಕ್ಕೆ ತಳ್ಳಲು ಪಾಟಾದಲ್ಲಿ ಏನೂ ಉಳಿದಿರುವುದಿಲ್ಲ. ಉಬ್ಬು ಬಂದರೆ ಪಾಟಾ ಬಾಗುವುದಿಲ್ಲ, ಇಡೀ ಟ್ರೇಲರನ್ನೇ ಮೇಲಕ್ಕೆ ಎತ್ತಿಬಿಡುತ್ತದೆ.

ಇದರ ಜೊತೆಗೆ ಇನ್ನೊಂದು ತೊಂದರೆ. ಕಾರಿಗಿರುವ ಶಾಕ್ ಅಬ್ಸಾರ್ಬರ್ ಇಂಥ ಸಣ್ಣ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಾಟಾಗಳು ಒಂದಕ್ಕೊಂದು ಉಜ್ಜಿಕೊಂಡಾಗ ಬರುವ ತಡೆಯೇ ಕುಣಿತವನ್ನು ನಿಲ್ಲಿಸಬೇಕು. ಟೈರೂ ಒಂದು ಸ್ಪ್ರಿಂಗೇ. ಅದಕ್ಕಂತೂ ತಡೆಯೇ ಇಲ್ಲ ಅನ್ನಬಹುದು.

ಹಾಗಾಗಿ ಖಾಲಿ ಟ್ರೇಲರ್ ಸ್ವಲ್ಪ ಕುಣಿದರೆ ಅದು ದೋಷ ಅಲ್ಲ, ಅದರ ಸ್ವಭಾವ. ಚಕ್ರ ನೆಲ ಬಿಡುವುದು ದೋಷ. ಎಳೆಯುವ ಗಾಡಿಯ ಸ್ಟೇರಿಂಗ್‌ಗೆ ಅದು ತಗಲುವುದು ದೋಷ. ಹಿಂದೆ ಇಲ್ಲದ ಕುಣಿತ ಈಗ ಶುರುವಾಗಿರುವುದು ದೋಷ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವೂ ಇಲ್ಲ, ಬ್ರೇಕೂ ಇಲ್ಲ. ಮಳೆಯಲ್ಲಿ ತಿರುವಿನಲ್ಲಿ ಹೀಗಾದರೆ ಟ್ರೇಲರ್ ಪಕ್ಕಕ್ಕೆ ಜಾರುತ್ತದೆ. ಸದ್ದಿನ ಬಗ್ಗೆ ನನಗೆ ಚಿಂತೆ ಇಲ್ಲ, ಚಿಂತೆ ಇರುವುದು ಇದರ ಬಗ್ಗೆ.

ಮೊದಲು ಒಂದು ವಿಡಿಯೋ ತೆಗೆಯಿರಿ

ಕನ್ನಡಿಯಲ್ಲಿ ಕಂಡಿದ್ದನ್ನು ನಂಬಬೇಡಿ. ವಾಹನ ಕಡಿಮೆ ಓಡಾಡುವ ರಸ್ತೆ ಹುಡುಕಿ. ಮೋಶಿ ಕಡೆಯ ಕೈಗಾರಿಕಾ ರಸ್ತೆಗಳು ಭಾನುವಾರ ಬೆಳಿಗ್ಗೆ ಒಳ್ಳೆಯದು. ಜೊತೆಗಾರನನ್ನು ರಸ್ತೆಯಿಂದ ದೂರ, ಪಕ್ಕದಲ್ಲಿ ನಿಲ್ಲಿಸಿ. ಟ್ರೇಲರ್ ಒಂದು ಸಣ್ಣ ಉಬ್ಬು ದಾಟುವಾಗ ಚಕ್ರದ ಮಟ್ಟದಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಲು ಹೇಳಿ. ಗಂಟೆಗೆ 20 ಕಿಲೋಮೀಟರ್ ವೇಗ ಸಾಕು. ಎಡಗಡೆ ಒಂದು ಸಲ, ಬಲಗಡೆ ಒಂದು ಸಲ.

ನೋಡಲೆಂದು ಯಾರನ್ನೂ ಟ್ರೇಲರ್ ಒಳಗೆ ಕೂರಿಸಬೇಡಿ. "ಸುಮ್ನೆ ಎರಡು ನಿಮಿಷ ಅಷ್ಟೇ" ಅನ್ನುವ ಹುಡುಗರಿಗೂ ಬೇಡ ಅನ್ನಿ. ಕುಣಿಯುವ ಖಾಲಿ ಟ್ರೇಲರ್ ಮನುಷ್ಯನನ್ನು ಹೊರಗೆ ಎಸೆಯುತ್ತದೆ.

ವಿಡಿಯೋದಲ್ಲಿ ಮೂರು ಜಾಗ ನೋಡಿ: ಟೈರು, ಪಾಟಾ, ಹುಕ್. ಟೈರ್ ಚಪ್ಪಟೆಯಾಗದೆ ಪುಟಿಯುತ್ತಿದೆಯಾ? ಪಾಟಾ ಬಾಗುತ್ತಿದೆಯಾ, ಅಥವಾ ಕಬ್ಬಿಣದ ತುಂಡಿನ ಹಾಗೆ ಗಟ್ಟಿಯಾಗಿ ನಿಂತಿದೆಯಾ? ಹುಕ್ ಒಳಗೆ ಮೇಲೆ ಕೆಳಗೆ ಬಡಿಯುತ್ತಿದೆಯಾ? ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಲಕ್ಷಣ: ಸಣ್ಣ ಕಲ್ಲಿಗೂ ಟಪ್ ಎಂದು ಹಾರುತ್ತದೆ, ಎರಡೂ ಪಕ್ಕ ಒಂದೇ ಥರ

ಟೈರ್ ಗಾಳಿ ಜಾಸ್ತಿ. ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಟೈರ್ ಗೋಡೆಯ ಮೇಲೆ ಬರೆದಿರುವ ಪಿಎಸ್‌ಐ ಗರಿಷ್ಠ ಭಾರ ಹೊರುವಾಗಿನ ಒತ್ತಡ. ಪಂಕ್ಚರ್ ಅಂಗಡಿಯಲ್ಲಿ ಅದನ್ನು ನೋಡಿ ಅಷ್ಟೇ ತುಂಬುತ್ತಾರೆ. ಲೋಡ್ ಇದ್ದಾಗ ಅದು ಸರಿ. ಖಾಲಿ ಇದ್ದಾಗ ಆ ಟೈರ್ ಚೆಂಡಿನ ಹಾಗೆ ಪುಟಿಯುತ್ತದೆ.

ಪರೀಕ್ಷೆ ಸುಲಭ. ಖಾಲಿ ಟ್ರೇಲರ್‌ನ ಟೈರ್ ಮೇಲೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆಯಿರಿ. ಸಮತಟ್ಟಾದ ಒಣ ನೆಲದಲ್ಲಿ ಸ್ವಲ್ಪ ದೂರ ನೇರವಾಗಿ ಎಳೆಯಿರಿ. ಗೆರೆ ನಡುವೆ ಮಾತ್ರ ಅಳಿಸಿ ಎರಡೂ ಅಂಚಿನಲ್ಲಿ ಉಳಿದರೆ ಆ ತೂಕಕ್ಕೆ ಗಾಳಿ ಹೆಚ್ಚಾಗಿದೆ. ಉದ್ದಕ್ಕೂ ಒಂದೇ ರೀತಿ ಅಳಿಸಿದರೆ ಗಾಳಿ ಸರಿ. ಅಂಚು ಮಾತ್ರ ಅಳಿಸಿದರೆ ಗಾಳಿ ಕಡಿಮೆ.

ಗಾಳಿ ಇಳಿಸುವ ಮೊದಲು ಟೈರ್ ಕಂಪನಿಯ ಲೋಡ್ ಕೋಷ್ಟಕ ನೋಡಿ. ಪ್ರತಿ ಸೈಜಿಗೂ ಎಷ್ಟು ಭಾರಕ್ಕೆ ಎಷ್ಟು ಒತ್ತಡ ಎಂದು ಅದರಲ್ಲಿ ಇರುತ್ತದೆ. ಟೈರ್ ಡೀಲರ್ ಹತ್ತಿರ ಕೇಳಿದರೆ ತೋರಿಸುತ್ತಾರೆ. ಖಾಲಿ ತೂಕವನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ, ಎರಡು ಚಕ್ರಕ್ಕೆ ಭಾಗಿಸಿ, ಕೋಷ್ಟಕದಲ್ಲಿ ಹುಡುಕಿ. ಅಂದಾಜಿನಲ್ಲಿ ತೂಕ ಹಾಕಬೇಡಿ. ಕಬ್ಬಿಣದ ಕಟಕಟೆ, ಸ್ಟೆಪ್ನಿ, ಹಿಂಬಾಗಿಲು ಸೇರಿದರೆ ಅಂದಾಜು ಬಹಳ ಸಲ ತಪ್ಪುತ್ತದೆ. ಕೋಷ್ಟಕದಲ್ಲಿರುವ ಅತಿ ಕಡಿಮೆ ಒತ್ತಡಕ್ಕಿಂತ ಕೆಳಗೆ ಇಳಿಯಬೇಡಿ. 5 ಪಿಎಸ್‌ಐನಂತೆ ಇಳಿಸುತ್ತಾ ಹೋಗಿ, ಪ್ರತಿ ಸಲ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ಅಳೆಯುವುದು ಟೈರ್ ತಣ್ಣಗಿರುವಾಗ. ಓಡಿಸಿದ ಮೇಲೆ ಟೈರ್ ಗೋಡೆ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಗಾಳಿ ಕಡಿಮೆಯಾಗಿದೆ, ತಣ್ಣಗಾದ ಮೇಲೆ ವಾಪಸ್ ತುಂಬಿ.

ಇಲ್ಲೇ ದೊಡ್ಡ ಅಪಾಯವೂ ಇದೆ. ಖಾಲಿಗೆಂದು ಇಳಿಸಿದ ಗಾಳಿಯಲ್ಲೇ ಮರುದಿನ ಒಂದು ಟನ್ ಪ್ಲೇಟು ಹೇರಿದರೆ ಟೈರ್ ಬಿಸಿಯಾಗಿ ಒಡೆಯುತ್ತದೆ. ಕೆಲಸಗಾರರು ಲೋಡ್ ಮಾಡುವಾಗ ನೀವು ಅಲ್ಲಿ ಇರುವುದಿಲ್ಲ, ಅಲ್ವಾ? ಆದ್ದರಿಂದ ಟ್ರೇಲರ್ ಮುಂಭಾಗದಲ್ಲಿ ಪೇಂಟಿನಿಂದ ಎರಡು ಸಂಖ್ಯೆ ಬರೆಸಿ: ಖಾಲಿಗೆ ಇಷ್ಟು, ಲೋಡಿಗೆ ಇಷ್ಟು. ಗಾಡಿಯಲ್ಲಿ 12 ವೋಲ್ಟ್ ಪಂಪು ಮತ್ತು ಗೇಜ್ ಇರಲಿ. ದಿನಾ ಹೋಗುವಾಗ ಲೋಡ್, ಬರುವಾಗ ಖಾಲಿ ಎನ್ನುವವರಿಗೆ ನನ್ನ ಸಲಹೆ ಬೇರೆ. ಗಾಳಿಯನ್ನು ಲೋಡಿನ ಮಟ್ಟದಲ್ಲೇ ಬಿಡಿ, ಕೆಳಗೆ ಹೇಳುವ ಮರಳಿನ ಚೀಲ ಹಾಕಿ, ನಿಧಾನವಾಗಿ ಓಡಿಸಿ. ಮರೆವಿಗೆ ಅವಕಾಶ ಕೊಡುವ ಪರಿಹಾರಕ್ಕಿಂತ ಇದು ಎಷ್ಟೋ ಮೇಲು.

ಲಕ್ಷಣ: ಒಂದು ವೇಗದಲ್ಲಿ ಮಾತ್ರ ಕುಣಿಯುತ್ತದೆ

ಇದರಲ್ಲಿ ಎರಡು ಜಾತಿ ಇದೆ. ಬೇರ್ಪಡಿಸಿ ನೋಡಬೇಕು.

ಒಂದು, ಕಾಂಕ್ರೀಟ್ ರಸ್ತೆಯಲ್ಲಿ ಮಾತ್ರ. ಕಾಂಕ್ರೀಟ್ ರಸ್ತೆಯ ಚಪ್ಪಡಿಗಳ ಅಡ್ಡ ಜೋಡಣೆ ನಮ್ಮಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರ್ ಆಸುಪಾಸಿಗೆ ಒಂದು ಇರುತ್ತದೆ. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕು ಜೋಡಣೆ ದಾಟುತ್ತೀರಿ. ಮೇಲಿನ ಲೆಕ್ಕದ ಖಾಲಿ ಟ್ರೇಲರ್ ತನ್ನಷ್ಟಕ್ಕೆ ಕುಣಿಯುವ ವೇಗವೂ ಸೆಕೆಂಡಿಗೆ ಸುಮಾರು ನಾಲ್ಕು ಸಲ. ಎರಡೂ ತಾಳ ಕೂಡಿದರೆ ಪ್ರತಿ ಜೋಡಣೆಗೂ ಕುಣಿತ ಬೆಳೆಯುತ್ತಾ ಹೋಗುತ್ತದೆ. ಪೂರ್ತಿ ಲೋಡ್ ಇದ್ದಾಗ ಅದೇ ಟ್ರೇಲರ್ ಸೆಕೆಂಡಿಗೆ ಎರಡೇ ಸಲ ಕುಣಿಯುತ್ತದೆ. ಆ ವೇಗದಲ್ಲಿ ತಾಳ ಕೂಡುವುದಿಲ್ಲ, ಅದಕ್ಕೇ ಹೋಗುವಾಗ ಗೊತ್ತಾಗಿರಲಿಲ್ಲ.

ಮದ್ದು ವೇಗ ಇಳಿಸುವುದು. 65ರಲ್ಲಿ ಕುಣಿದರೆ 50ಕ್ಕೆ ಬನ್ನಿ, ಕಡಿಮೆಯಾಗುತ್ತದೆ. ವೇಗ ಏರಿಸಿ ದಾಟಿಬಿಡುತ್ತೇನೆ ಅನ್ನಬೇಡಿ. ಏರಿಸಿದಾಗ ಕುಣಿತ ನಿಂತಂತೆ ಕಂಡರೂ ಮುಂದಿನ ಗುಂಡಿಯಲ್ಲಿ ಪೆಟ್ಟು ದೊಡ್ಡದಾಗಿರುತ್ತದೆ.

ಇನ್ನೊಂದು, ನುಣುಪಾದ ಡಾಂಬರಿನಲ್ಲೂ ಒಂದು ವೇಗಕ್ಕೆ ಬಂದಾಗ ನಡುಕ. ಇದು ಪಾಟಾದ್ದಲ್ಲ, ಚಕ್ರದ್ದು. ಸಣ್ಣ ಟ್ರೇಲರ್ ಚಕ್ರ 60ರ ವೇಗದಲ್ಲಿ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ಸುತ್ತುತ್ತದೆ. ಆದ್ದರಿಂದ ಇದು ದೊಡ್ಡ ಕುಣಿತದಂತಿರದೆ ಗರಗರ ನಡುಗಿದಂತೆ ಇರುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಟ್ರೇಲರ್‌ನ ಟೈರ್ ಕೆಳಗಡೆ ಚಪ್ಪಟೆಯಾಗಿರುತ್ತದೆ. ಒಳಗಿನ ಬೆಲ್ಟ್ ಪದರ ಬಿಟ್ಟ ಟೈರ್‌ನಲ್ಲಿ ಒಂದು ಕಡೆ ಉಬ್ಬು ಕಾಣುತ್ತದೆ. ರಿಮ್ ಬೆಂಡಾಗಿರಬಹುದು. ಬ್ಯಾಲೆನ್ಸಿಂಗ್ ಮಾಡಿಸಿಯೇ ಇರುವುದಿಲ್ಲ, ಏಕೆಂದರೆ ಟ್ರೇಲರ್‌ಗೆ ಯಾಕೆ ಬೇಕು ಅನ್ನುವವರೇ ಹೆಚ್ಚು. ಬೇಕು.

ಒಂದೊಂದೇ ಚಕ್ರ ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಪಕ್ಕದಲ್ಲಿ ಒಂದು ಕಡ್ಡಿ ಸ್ಥಿರವಾಗಿ ಹಿಡಿದರೆ ರಿಮ್‌ನ ವಕ್ರ ಗೊತ್ತಾಗುತ್ತದೆ. ಟೈರ್‌ನ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಬೇರಿಂಗ್ ಸಡಿಲ. ತಿರುಗುವಾಗ ಕರಕರ ಸದ್ದು ಬಂದರೆ ಬೇರಿಂಗ್ ಮುಗಿದಿದೆ. ಅಂಥ ಟ್ರೇಲರನ್ನು ಅಲ್ಲಿಂದ ಮುಂದೆ ಎಳೆಯಬೇಡಿ. ಟೈರ್‌ನಲ್ಲಿ ಉಬ್ಬು ಕಂಡರೂ ಅಷ್ಟೇ, ಆ ಟೈರ್ ಮತ್ತೆ ರಸ್ತೆಗೆ ಇಳಿಯಬಾರದು.

ಲಕ್ಷಣ: ಕಬ್ಬಿಣ ಬಡಿದ ಸದ್ದು, ಯಾರೋ ಹಿಂದಿನಿಂದ ಗುದ್ದಿದಂತೆ

ಹುಕ್ ಸಡಿಲ. ಕುಣಿತ ಎಂದು ತಂದ ಟ್ರೇಲರ್‌ನಲ್ಲಿ ನಿಜವಾದ ತೊಂದರೆ ಇಲ್ಲಿರುವುದೂ ಉಂಟು. ಪಾಟಾ ಸಹಜವಾಗಿ ಸ್ವಲ್ಪ ಕುಣಿಯುತ್ತದೆ, ಹುಕ್‌ನ ಸಡಿಲ ಅದನ್ನು ಎರಡು ಪಟ್ಟು ಮಾಡಿ ಗಾಡಿಗೆ ತಲುಪಿಸುತ್ತದೆ.

ಸಮತಟ್ಟಾದ ಜಾಗದಲ್ಲಿ ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಿ, ಟ್ರೇಲರ್ ಚಕ್ರಕ್ಕೆ ಕಲ್ಲು ಕೊಡಬೇಡಿ. ಒಬ್ಬರು ಟ್ರೇಲರನ್ನು ಹಿಂದೆ ಮುಂದೆ ನೂಕಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಹುಕ್ ನೋಡಲಿ. ಬೆರಳು ಒಳಗೆ ಹಾಕಬೇಡಿ. ಕಟಕ್ ಎಂದು ಸರಿದರೆ ಸಂದು ಇದೆ ಎಂದರ್ಥ.

ಬಾಲ್ ಹುಕ್ ಆಗಿದ್ದರೆ ಮೊದಲು ಸೈಜ್ ಓದಿ. ಗಾಡಿಯ ಬಾಲ್ ಮೇಲೂ, ಅದರ ಮೇಲೆ ಕೂರುವ ಟ್ರೇಲರ್‌ನ ಕಪ್ಲರ್ ಮೇಲೂ ಅಚ್ಚಾಗಿರುತ್ತದೆ. 50 ಮಿಲಿಮೀಟರ್ ಕಪ್ಲರ್ ಒಳಗೆ ಒಂದೂ ಏಳೆಂಟಾಂಶ ಇಂಚಿನ, ಅಂದರೆ ಸುಮಾರು 47.6 ಮಿಲಿಮೀಟರ್ ಬಾಲ್ ಕೂತಿರುತ್ತದೆ. ಕೂರುತ್ತದೆ, ಲಾಕೂ ಆಗುತ್ತದೆ. ಆದರೆ ದೊಡ್ಡ ಗುಂಡಿಯಲ್ಲಿ ಎಗರಿ ಕಳಚಿಕೊಳ್ಳಬಹುದು. ಸೈಜ್ ಒಂದೇ ಇದ್ದರೆ ಬಾಲ್‌ನ ಅಗಲವನ್ನು ಎರಡು ದಿಕ್ಕಿನಲ್ಲಿ ವರ್ನಿಯರ್‌ನಿಂದ ಅಳೆಯಿರಿ. 50ರ ಬಾಲ್ 49ಕ್ಕೆ ಸವೆದಿದ್ದರೆ ಬದಲಾಯಿಸಿ. ಕಪ್ಲರ್‌ನ ಕೆಳಗೆ ಅಡ್ಜಸ್ಟ್ ಮಾಡುವ ನಟ್ ಇರುವ ಮಾದರಿಗಳಲ್ಲಿ ಅದನ್ನು ಸ್ವಲ್ಪ ಬಿಗಿ ಮಾಡಿದರೆ ಸಾಕಾಗಬಹುದು.

ಪಿನ್ ಹಾಕುವ ಹುಕ್‌ನಲ್ಲಿ ಪಿನ್ ಮತ್ತು ತೂತು ಎರಡೂ ಸವೆಯುತ್ತವೆ. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ದಪ್ಪ ಪಿನ್ ಹಾಕಿ ಸುಮ್ಮನಾಗಬೇಡಿ. ಆ ಕಣ್ಣಿನ ಸುತ್ತ ಬಿರುಕು ಇದೆಯಾ ಎಂದು ತಂತಿ ಬ್ರಷ್‌ನಿಂದ ಉಜ್ಜಿ ನೋಡಿ. ಸೇಫ್ಟಿ ಚೈನ್ ಎರಡೂ ಇರಲಿ, ಹುಕ್‌ನ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿ. ಹುಕ್ ಕಳಚಿದರೂ ಟ್ರೇಲರ್‌ನ ಮೂತಿ, ಅಂದರೆ ಹುಕ್ ಇರುವ ಮುಂದಿನ ತುದಿ, ನೆಲಕ್ಕೆ ಬಡಿಯುವುದಿಲ್ಲ, ಚೈನ್ ಮೇಲೆ ಕೂರುತ್ತದೆ.

ಹಾಗೇ ಹಿಂಬಾಗಿಲಿನ ಕೊಂಡಿ, ಸ್ಟೆಪ್ನಿ, ಸರಪಳಿ ಇವನ್ನೂ ಹಗ್ಗದಿಂದ ಬಿಗಿದು ಒಂದು ಸುತ್ತು ಹೋಗಿ ಬನ್ನಿ. ಸದ್ದಿನ ಅರ್ಧ ಅವುಗಳದ್ದೇ ಇರಬಹುದು.

ಲಕ್ಷಣ: ಗಾಡಿಯ ಹಿಂಭಾಗ ಎತ್ತಿ ಹಾಕುತ್ತದೆ, ಟ್ರೇಲರ್ ಎಡಬಲ ತೂಗುತ್ತದೆ

ಮೇಲೆ ಕೆಳಗೆ ಕುಣಿಯುವುದು ಬೇರೆ, ಬಾಲ ಬೀಸಿದಂತೆ ಎಡಬಲ ತೂಗುವುದು ಬೇರೆ. ಎರಡನೆಯದು ಹೆಚ್ಚು ಅಪಾಯ. ತೂಗಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಗಾಡಿ ತಾನಾಗಿ ನಿಧಾನವಾಗಲಿ. ಜೋರಾಗಿ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ತಿರುಗಿಸಿ ಅದನ್ನು ಹಿಡಿಯಲು ಹೋಗಬೇಡಿ.

ಕಾರಣ ಹೆಚ್ಚಾಗಿ ಮೂತಿಯ ಭಾರ. ಹುಕ್ ಮೇಲೆ ಟ್ರೇಲರ್ ಸ್ವಲ್ಪವಾದರೂ ಕೆಳಗೆ ಒತ್ತಬೇಕು. ಲೋಡ್ ಇದ್ದಾಗ ಸಾಮಾನು ಮುಂದಿರುವುದರಿಂದ ಒತ್ತುತ್ತದೆ. ಖಾಲಿಯಾದ ಮೇಲೆ ಭಾರದ ಹಿಂಬಾಗಿಲು, ಹಿಂದೆ ಕಟ್ಟಿದ ಸ್ಟೆಪ್ನಿ ಇವುಗಳಿಂದ ಮೂತಿ ಹಗುರಾಗಿ, ಹುಕ್ಕನ್ನೇ ಮೇಲಕ್ಕೆ ಎಳೆಯುತ್ತದೆ.

ಅಳೆಯಲು ಮನೆಯ ತೂಕದ ಯಂತ್ರ ಸಾಕು. ಸಮತಟ್ಟಾದ ನೆಲದಲ್ಲಿ ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಮೂತಿಯನ್ನು ಎಳೆಯುವಾಗಿನ ಎತ್ತರದಲ್ಲೇ ಇರುವಂತೆ ಒಂದು ಮರದ ತುಂಡಿನ ಮೂಲಕ ಯಂತ್ರದ ಮೇಲೆ ಇಡಿ. 400 ಕಿಲೋದ ಖಾಲಿ ಟ್ರೇಲರ್‌ಗೆ 30ರಿಂದ 40 ಕಿಲೋ ಬಂದರೆ ನನಗೆ ಸಮಾಧಾನ. 10 ಕಿಲೋ ಬಂದರೆ ಸ್ಟೆಪ್ನಿಯನ್ನು ಮುಂದಕ್ಕೆ ಕಟ್ಟಿಸಿ. ಇಷ್ಟರಲ್ಲೇ ಎಷ್ಟೋ ಟ್ರೇಲರ್‌ಗಳು ತೆಪ್ಪಗಾಗುತ್ತವೆ. ಮೂತಿ ಮೇಲಕ್ಕೆ ನೋಡುತ್ತಿದ್ದರೂ ಸರಿಯಲ್ಲ. ಸಮವಾಗಿರಬೇಕು, ಅಥವಾ ಒಂದು ಚೂರು ಕೆಳಗೆ ಬಾಗಿರಬೇಕು.

ಮೂತಿಯ ಭಾರ ಸರಿ ಇದ್ದೂ ಗಾಡಿ ತೊನೆಯುತ್ತಿದ್ದರೆ ಗಾಡಿಯದೇ ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತಿರಬಹುದು. ಗೆಳೆಯರ ಗಾಡಿಗೆ ಅದೇ ಟ್ರೇಲರ್ ಕಟ್ಟಿ ನೋಡಿದರೆ ತಿಳಿಯುತ್ತದೆ. ಆದರೆ ಆ ಗಾಡಿಯ ಹುಕ್ ಸೈಜ್ ಒಂದೇ ಇರಬೇಕು.

ಲಕ್ಷಣ: ಒಂದೇ ಪಕ್ಕ ಕುಣಿಯುತ್ತದೆ, ಅಥವಾ ಟ್ರೇಲರ್ ಒಂದು ಕಡೆಗೆ ವಾಲಿದೆ

ಎರಡೂ ಟೈರ್ ಗಾಳಿ ಒಂದೇ ಇದೆ ಎಂದು ಖಾತ್ರಿ ಮಾಡಿಕೊಂಡು ಪಾಟಾದ ಹತ್ತಿರ ಹೋಗಿ. ಇಲ್ಲಿಂದ ಮುಂದೆ ಕೆಲಸ ಟ್ರೇಲರ್ ಕೆಳಗೆ. ಗಾಡಿಗೆ ಕಟ್ಟಿಯೇ ಇರಲಿ, ಎದುರು ಚಕ್ರಕ್ಕೆ ಕಲ್ಲು ಕೊಡಿ, ಜಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ನುಸುಳಬೇಡಿ. ಛಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ತಲೆ ಒಳಗೆ ಹಾಕಿ. ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಅವು ಒಮ್ಮೆಲೇ ಪುಡಿಯಾಗುತ್ತವೆ.

ಟಾರ್ಚ್ ಹಿಡಿದು ಪಾಟಾಗಳನ್ನು ಒಂದೊಂದಾಗಿ ನೋಡಿ. ಬಿರುಕು ಹೆಚ್ಚಾಗಿ ನಡುವೆ, ಪಾಟಾಗಳನ್ನು ಒಟ್ಟಿಗೆ ಪೋಣಿಸುವ ಸೆಂಟರ್ ಬೋಲ್ಟ್ ತೂತಿನ ಬಳಿ, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಮರೆಯಲ್ಲಿ ಇರುತ್ತದೆ. ಕೆಂಪು ತುಕ್ಕಿನ ಸಣ್ಣ ಗೆರೆ ಕಂಡರೆ ಅದೇ ಸುಳಿವು. ಯು-ಬೋಲ್ಟ್ ಸಡಿಲವಿದ್ದರೆ ಅದರ ಅಂಚಿನಲ್ಲಿ ಹೊಳೆಯುವ ಉಜ್ಜಿದ ಗುರುತು ಕಾಣುತ್ತದೆ. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಹಿಂದೆ ಮುಂದೆ ಸರಿಯುತ್ತದೆ. ಹುಕ್‌ನಿಂದ ಎಡಚಕ್ರದ ನಡುವಿಗೆ, ಬಲಚಕ್ರದ ನಡುವಿಗೆ ಟೇಪ್ ಹಿಡಿದು ಅಳೆಯಿರಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಇದ್ದರೂ ಆಕ್ಸಲ್ ಓರೆಯಾಗಿದೆ.

ಒಂದು ಪಾಟಾ ಮುರಿದಿದ್ದರೂ ಅಂದೇ ಎಳೆಯುವುದನ್ನು ನಿಲ್ಲಿಸಿ. ಉಳಿದವುಗಳ ಮೇಲೆ ಭಾರ ಬಿದ್ದು ಅವೂ ಸಾಲಾಗಿ ಮುರಿಯುತ್ತವೆ. ಮುರಿದ ಪಾಟಾಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಗ್ಯಾಸ್ ಕಟರ್‌ನಿಂದ ಕಾಯಿಸಿ ಬಗ್ಗಿಸಲೂ ಬಿಡಬೇಡಿ. ಬೆಂಕಿ ತಗುಲಿದ ಕಡೆ ಸ್ಪ್ರಿಂಗ್ ಸ್ಟೀಲಿನ ಹದ ಹೋಗುತ್ತದೆ. ಇವತ್ತು ಗಟ್ಟಿ ಕಾಣುತ್ತದೆ, ಮುಂದಿನ ಲೋಡಿಗೆ ಅಲ್ಲೇ ತುಂಡಾಗುತ್ತದೆ.

ಲಕ್ಷಣ: ಮಳೆಗಾಲ ಕಳೆದ ಮೇಲೆ ಶುರುವಾಗಿದೆ

ಪುಣೆಯ ಮಳೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಟಿನ ಕೆಸರಿನಲ್ಲಿ ನಿಂತ ಟ್ರೇಲರ್‌ನಲ್ಲಿ ಇದು ಮಾಮೂಲು. ಪಾಟಾಗಳ ನಡುವೆ ತುಕ್ಕು ಕೂತು ಅವು ಅಂಟಿಕೊಳ್ಳುತ್ತವೆ. ಪಾಟಾದ ತುದಿಯನ್ನು ಛಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಹಿಡಿದುಕೊಳ್ಳುತ್ತದೆ. ಪಾಟಾ ಬಾಗಿದಾಗ ಅದರ ಉದ್ದ ಹೆಚ್ಚಾಗಬೇಕು, ಅದಕ್ಕೆಂದೇ ಹಿಂದಿನ ತುದಿಯಲ್ಲಿ ಶ್ಯಾಕಲ್ ತೂಗುತ್ತಿರುತ್ತದೆ. ಅದು ಹಿಡಿದುಕೊಂಡರೆ ಪಾಟಾ ಬಾಗುವುದೇ ಇಲ್ಲ, ಟೈರ್ ಮಾತ್ರ ಪುಟಿಯುತ್ತದೆ.

ಶ್ಯಾಕಲ್ ಮೇಲೂ ಛಾಸಿ ಮೇಲೂ ಸೇರುವಂತೆ ಪೇಂಟಿನ ಒಂದು ಗೆರೆ ಎಳೆಯಿರಿ. ಖಾಲಿ ಇದ್ದಾಗ ಒಂದು ಫೋಟೋ, ಅರ್ಧ ಲೋಡ್ ಹಾಕಿ ಇನ್ನೊಂದು. ಎರಡರಲ್ಲೂ ಗೆರೆ ಸರಿಯದೆ ನಿಂತಿದ್ದರೆ ಶ್ಯಾಕಲ್ ಜಾಮ್.

ಗ್ರೀಸ್ ನಿಪ್ಪಲ್ ಇದ್ದರೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ಒತ್ತಿ. ಇಲ್ಲದಿದ್ದರೆ ಬೋಲ್ಟ್ ಬಿಚ್ಚಿಸಿ ಬುಶ್ ಬದಲಾಯಿಸಬೇಕು. ರಬ್ಬರ್ ಬುಶ್ ಆಗಿದ್ದರೆ ಅದಕ್ಕೆ ಗ್ರೀಸ್, ಎಣ್ಣೆ ತಾಗಿಸಬೇಡಿ, ರಬ್ಬರ್ ಕೊಳೆಯುತ್ತದೆ. ತುಕ್ಕು ಹಿಡಿದ ಪಾಟಾಗಳನ್ನು ಬಿಚ್ಚಿ, ಬ್ರಷ್ ಮಾಡಿ, ಗ್ರಾಫೈಟ್ ಗ್ರೀಸ್ ತೆಳುವಾಗಿ ಸವರಿ ಕಟ್ಟುವುದು ಪಾಟಾ ಅಂಗಡಿಯವರ ಕೆಲಸ. ತೆಳುವಾಗಿ ಅಂದೆ. ಹಳೇ ಇಂಜಿನ್ ಆಯಿಲ್ ಸುರಿದು ಪಾಟಾ ತೊಯ್ಯಿಸುವ ರೂಢಿ ಇದೆ. ಅದರಿಂದ ಪಾಟಾಗಳ ನಡುವಿನ ಉಜ್ಜಾಟವೇ ಹೋಗಿಬಿಡುತ್ತದೆ. ನಮ್ಮ ಟ್ರೇಲರ್‌ಗೆ ಕುಣಿತ ತಡೆಯಲು ಇರುವುದು ಅದೊಂದೇ. ಅದೂ ಹೋದರೆ ಒಂದು ಉಬ್ಬಿಗೆ ನಾಲ್ಕು ಸಲ ಕುಣಿಯುತ್ತದೆ.

ಪಾಟಾ ಇಲ್ಲದೆ ಕೊಳವೆಯೊಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲ್ ಆಗಿದ್ದರೆ ಈ ಯಾವ ಕೆಲಸವೂ ಅದಕ್ಕೆ ಅನ್ವಯಿಸದು. ರಬ್ಬರ್ ಗಟ್ಟಿಯಾಗಿದ್ದರೆ ಆಕ್ಸಲ್ಲೇ ಬದಲಾಗಬೇಕು. ಆ ಕೊಳವೆಯ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ, ಒಳಗಿನ ರಬ್ಬರ್ ಸುಟ್ಟುಹೋಗುತ್ತದೆ.

ಎಲ್ಲ ಸರಿ ಇದೆ, ಆದರೂ ಕುಣಿಯುತ್ತದೆ

ಹಾಗಾದರೆ ದೋಷ ಇಲ್ಲ, ತೂಕ ಸಾಲದು. ಮರಳು ಹಾಕಿ.

ಖಾಲಿ ಸಿಮೆಂಟ್ ಚೀಲಗಳಲ್ಲಿ ಮರಳು ತುಂಬಿ ಬಾಯಿ ಹೊಲಿಯಿರಿ. ಎರಡು ಚೀಲದಿಂದ ಶುರು ಮಾಡಿ, ಅಂದರೆ ಸುಮಾರು 100 ಕಿಲೋ. ಆಕ್ಸಲ್ ಮೇಲೆ, ಒಂದು ಗೇಣು ಮುಂದಕ್ಕೆ ಇಟ್ಟು ಬೆಲ್ಟ್ ಹಾಕಿ ಬಿಗಿಯಿರಿ. ಹಿಂದಕ್ಕೆ ಇಡಬೇಡಿ, ಮೂತಿ ಹಗುರಾಗುತ್ತದೆ. ಕಟ್ಟದೆ ಬಿಟ್ಟ ಚೀಲ ಬ್ರೇಕ್ ಹಾಕಿದಾಗ ಮುಂದಕ್ಕೆ ಬಂದು ಬಡಿಯುತ್ತದೆ. ಮಳೆಗಾಲದಲ್ಲಿ ತಾಡಪತ್ರಿ ಮುಚ್ಚಿ, ನೆನೆದ ಮರಳು ಇನ್ನಷ್ಟು ಭಾರವಾಗುತ್ತದೆ. ನೀರಿನ 20 ಲೀಟರ್ ಕ್ಯಾನೂ ಆಗುತ್ತದೆ, ಪೂರ್ತಿ ತುಂಬಿರಬೇಕು ಅಷ್ಟೇ. ಮತ್ತೆ ಲೋಡ್ ಹೇರುವ ಮೊದಲು ನೀರು ಚೆಲ್ಲಿಬಿಡಬಹುದು ಎಂಬ ಅನುಕೂಲವೂ ಇದೆ. ತೆಗೆಯದೆ ಮರು ಲೋಡ್ ಮಾಡಿದರೆ ಈ 100 ಕಿಲೋವನ್ನು ಒಟ್ಟು ತೂಕದಲ್ಲಿ ಸೇರಿಸಲು ಮರೆಯಬೇಡಿ.

ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದು ಕೆಲವರಿಗೆ ಇದು ಇಷ್ಟವಾಗುವುದಿಲ್ಲ. ಅಂಥವರಿಗೆ ಎರಡನೇ ದಾರಿ ಶಾಕ್ ಅಬ್ಸಾರ್ಬರ್ ಹಾಕಿಸುವುದು. ಆಕ್ಸಲ್‌ಗೂ ಛಾಸಿಗೂ ನಡುವೆ, ಎರಡೂ ಪಕ್ಕ ಒಂದೇ ಮಾದರಿಯದು. ಪಾಟಾ ಪೂರ್ತಿ ಕುಗ್ಗಿದಾಗ ಶಾಕ್ ತಳ ಮುಟ್ಟಬಾರದು, ಚಕ್ರ ಪೂರ್ತಿ ಕೆಳಗೆ ಜೋತಾಗ ಶಾಕ್ ಎಳೆದು ನಿಲ್ಲಬಾರದು. ಬ್ರಾಕೆಟ್ ವೆಲ್ಡಿಂಗ್ ಛಾಸಿಯ ಗಟ್ಟಿ ಜಾಗದಲ್ಲಿ ಬರಬೇಕು. ಇದು ಅನುಭವ ಇರುವ ಫ್ಯಾಬ್ರಿಕೇಟರ್ ಮಾಡಬೇಕಾದ ಕೆಲಸ. ಕುಣಿತ ಇದರಿಂದ ಬೇಗ ಅಡಗುತ್ತದೆ, ಆದರೆ ಪಾಟಾ ಮೆತ್ತಗಾಗುವುದಿಲ್ಲ. ಮೊದಲ ಪೆಟ್ಟು ಹಾಗೇ ಇರುತ್ತದೆ.

ಇನ್ನು ಆ ಪ್ರಶ್ನೆ, ಪಾಟಾ ತೆಗೆಯುವುದು. ಒಂದೇ ದಪ್ಪದ ಆರು ಪಾಟಾದಲ್ಲಿ ಎರಡು ತೆಗೆದರೆ ಹೊರುವ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಲೋಡ್ ಹೇರುವವರಿಗೆ ಅದು ಕಣ್ಣಿಗೆ ಕಾಣುವುದಿಲ್ಲ, ಅವರು ಹಳೆಯಷ್ಟೇ ಹೇರುತ್ತಾರೆ. ಖಾಲಿಯಲ್ಲಿ ಮೆತ್ತಗೂ ಲೋಡಿನಲ್ಲಿ ಗಟ್ಟಿಯೂ ಬೇಕಾದರೆ ಎರಡು ಹಂತದ ಪಾಟಾ ಕಟ್ಟಿಸಿ. ಮೇಲಿನ ಕಟ್ಟು ತೆಳುವಾಗಿ ಮೊದಲು ಬಾಗುತ್ತದೆ, ಲೋಡ್ ಬಂದಾಗ ಕೆಳಗಿನ ದಪ್ಪ ಪಾಟಾ ಕೆಲಸಕ್ಕೆ ಸೇರುತ್ತದೆ. ಆಕ್ಸಲ್ ಬದಲಾವಣೆಯಂಥ ದೊಡ್ಡ ಕೆಲಸಕ್ಕೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಮಾರ್ಪಡಿಸುವುದನ್ನು ಅದರ 52ನೇ ಸೆಕ್ಷನ್ ತಡೆಯುತ್ತದೆ.

ಇಳಿಜಾರಿನಲ್ಲಿ

ಸತಾರಾ ಕಡೆಯಿಂದ ಖಾಲಿ ಬರುವವರಿಗೆ ಒಂದು ಮಾತು. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಅಪಘಾತಗಳಿಗೆ ಹೆಸರಾದ ಜಾಗ. ಅಲ್ಲಿ ಗೇರ್ ಇಳಿಸಿ, ಇಂಜಿನ್ ಹಿಡಿತದಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಬೇಡಿ. ರಂಬಲ್ ಪಟ್ಟಿಗಳ ಮೇಲೆ ಖಾಲಿ ಟ್ರೇಲರ್ ಎಗರುತ್ತಿರುವಾಗ ಬ್ರೇಕ್ ಒತ್ತಿದರೆ ಅದರ ಚಕ್ರ ಗಾಳಿಯಲ್ಲಿ ಲಾಕ್ ಆಗಿ, ನೆಲಕ್ಕೆ ಬಿದ್ದಾಗ ಟ್ರೇಲರ್ ಓರೆಯಾಗುತ್ತದೆ. ಪಟ್ಟಿ ಬರುವ ಮೊದಲೇ ವೇಗ ಇಳಿಸಿ, ಪಟ್ಟಿಯ ಮೇಲೆ ಕಾಲು ಹಗುರಾಗಿರಲಿ. ಖಂಬಾಟ್ಕಿ ಘಾಟಿನಲ್ಲೂ ಇದೇ ಕ್ರಮ.

ಡ್ರಾಬಾರ್‌ನಲ್ಲಿ (ಹುಕ್‌ಗೂ ಟ್ರೇಲರ್‌ಗೂ ನಡುವಿನ ಉದ್ದ ಕಂಬಿ) ಬಿರುಕು, ಮುರಿದ ಪಾಟಾ, ಅಲ್ಲಾಡುವ ಬೇರಿಂಗ್, ಸೈಜ್ ತಪ್ಪಿದ ಬಾಲ್, ಉಬ್ಬಿದ ಟೈರ್ ಇವುಗಳಲ್ಲಿ ಒಂದು ಕಂಡರೂ ಟ್ರೇಲರ್ ಅಲ್ಲೇ ನಿಲ್ಲಲಿ, ಮೆಕ್ಯಾನಿಕ್ ಅಲ್ಲಿಗೇ ಬರಲಿ. ನಿಧಾನವಾಗಿ ಮನೆವರೆಗೆ ಹೋಗಿಬಿಡೋಣ ಅನ್ನಬೇಡಿ.

ಪಾಟಾ ಅಥವಾ ಯು-ಬೋಲ್ಟ್ ಕೆಲಸ ಮಾಡಿಸಿದ್ದರೆ, ಲೋಡ್ ಹಾಕಿ ಮೊದಲ 100 ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟ್ ನಟ್ ಮತ್ತು ವೀಲ್ ನಟ್ ಎರಡನ್ನೂ ಮತ್ತೆ ಬಿಗಿ ಮಾಡಿಸಿ. ಹೊಸ ಪಾಟಾಗಳು ಕೂತುಕೊಂಡಾಗ ನಟ್ ಸಡಿಲವಾಗುತ್ತವೆ.